ಲೇವಾದೇವಿಯ ಭಕ್ತಿ ಮತ್ತು ಕೃಪೆಯ ಸುವಾರ್ತೆ: ಕಲಬುರಗಿ–ಕಮಲಾಪುರ ಸೀಮೆಯಿಂದ ಒಂದು ಸಮೀಕ್ಷೆ

ದೇವರಲ್ಲಿ ಸಾಕಷ್ಟು ನಂಬಿಕೆಯಿಟ್ಟು, ಆ ನಂಬಿಕೆಯನ್ನು ಬಾಯಿಂದ ಅರಿಕೆ ಮಾಡಿ, ಅದರ ಗುರುತಾಗಿ ಕಾಣಿಕೆ ಕೊಟ್ಟವರಿಗೆ ಆರೋಗ್ಯವೂ ಐಶ್ವರ್ಯವೂ ಈ ಲೋಕದಲ್ಲಿಯೇ ಖಂಡಿತವಾಗಿ ದೊರೆಯುತ್ತವೆಂದೂ, ದೊರೆಯದಿದ್ದರೆ ಕೊರತೆ ನಂಬಿದವರಲ್ಲಿಯೇ ಇದೆಯೆಂದೂ ಕಲಿಸುವ ಉಪದೇಶವನ್ನು ‘ಸಮೃದ್ಧಿಯ ಸುವಾರ್ತೆ’ ಎಂದು ಕರೆಯುವುದು ರೂಢಿ. ಈ ಉಪದೇಶದ ತಳದಲ್ಲಿರುವ ಮನೋಭಾವ ಕ್ರೈಸ್ತ ಸಭೆಗಳಿಗಷ್ಟೇ ಸೇರಿದ್ದಲ್ಲ. ಕೊಟ್ಟದ್ದಕ್ಕೆ ಪ್ರತಿಫಲ ಕೇಳುವ, ಹರಕೆ ತೀರಿದ ಮೇಲೆ ದೇವರ ಋಣವೂ ತೀರಿತೆಂದು ತಿಳಿಯುವ ಲೇವಾದೇವಿಯ ಭಕ್ತಿ ಎಲ್ಲ ಧರ್ಮಗಳ ಅಂಗಳದಲ್ಲಿಯೂ ಕಾಣುವಂಥದ್ದು. ಆದರೆ ಮನುಷ್ಯನ ರಕ್ಷಣೆ ಸಂಪಾದನೆಯಿಂದ ಬರುವುದಿಲ್ಲ, ದೇವರ ಉಚಿತ ದಾನವಾಗಿ ಬರುತ್ತದೆ ಎಂಬುದನ್ನೇ, ಅಂದರೆ ಕೃಪೆಯನ್ನೇ, ತನ್ನ ಮೂಲ ಸಾರವೆಂದು ಸಾರುವ ಕ್ರೈಸ್ತ ಧರ್ಮದೊಳಗೆ ಈ ಮನೋಭಾವ ನೆಲೆಗೊಂಡಾಗ ಅದು ಆ ಸಾರಕ್ಕೇ ಎದುರಾಗಿ ನಿಲ್ಲುತ್ತದೆ. ಆದ್ದರಿಂದ ಇದರ ವಿಮರ್ಶೆ ಹೊರಗಿನವರಿಗಿಂತ ಮೊದಲು ಕ್ರೈಸ್ತರೇ ಮಾಡಬೇಕಾದ ಕೆಲಸ. ಕಲಬುರಗಿ ನಗರ ಮತ್ತು ಅದರ ಈಶಾನ್ಯಕ್ಕೆ ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರ ಪಟ್ಟಣದ ಸೀಮೆಯನ್ನು ಮುಂದಿಟ್ಟುಕೊಂಡು, ಈ ಬೋಧನೆ ಎಲ್ಲಿಂದ ಬಂದಿತು, ಏಕೆ ಜನರನ್ನು ಸೆಳೆಯುತ್ತದೆ, ಸತ್ಯವೇದದ ಬೆಳಕಿನಲ್ಲಿ ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ, ಇದೇ ನೆಲದ ಕ್ರೈಸ್ತ ಚರಿತ್ರೆ ಅದಕ್ಕೆ ಯಾವ ಉತ್ತರ ಕೊಡುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬೋಧನೆಯ ಹುಟ್ಟು ಮತ್ತು ಹಾದಿ

ಸಮೃದ್ಧಿಯ ಬೋಧನೆ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ರೂಪುಗೊಂಡಿತು. ಆಲೋಚನೆ ಮತ್ತು ಮಾತಿನ ಬಲದಿಂದ ರೋಗವನ್ನೂ ಬಡತನವನ್ನೂ ಗೆಲ್ಲಬಹುದೆಂಬ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಪ್ರಚಲಿತವಾಗಿದ್ದ ವಿಚಾರಗಳಿಗೆ ಇ. ಡಬ್ಲ್ಯೂ. ಕೆನ್ಯನ್ (1867–1948) ಅವರ ಬರಹಗಳು ಕ್ರೈಸ್ತ ಉಡುಪು ತೊಡಿಸಿದವು; ಕೆನೆತ್ ಹೇಗಿನ್ (1917–2003) ಅವುಗಳನ್ನು ‘ನಂಬಿಕೆಯ ಮಾತು’ ಎಂಬ ಉಪದೇಶವಾಗಿ ಬೆಳೆಸಿದರು; ಬೇಕಾದದ್ದನ್ನು ಆಗಲೇ ಪಡೆದವರಂತೆ ಬಾಯಿಂದ ಹೇಳಿಕೊಂಡರೆ ಅದು ನಿಜವಾಗುತ್ತದೆ ಎಂಬುದು ಅದರ ತಿರುಳು. ಓರಲ್ ರಾಬರ್ಟ್ಸ್ (1918–2009) ಇದಕ್ಕೆ ‘ಬೀಜದ ನಂಬಿಕೆ’ಯನ್ನು ಸೇರಿಸಿದರು: ಸೇವೆಗೆ ಕೊಟ್ಟ ಹಣ ಬಿತ್ತಿದ ಬೀಜದಂತೆ, ಕೊಟ್ಟವನು ಅನೇಕ ಪಟ್ಟು ಫಸಲನ್ನು ದೇವರಿಂದ ನಿರೀಕ್ಷಿಸಬೇಕು ಎಂಬುದು ಆ ಬೋಧನೆ. ದೂರದರ್ಶನದ ಬೋಧಕರು ಈ ಮೂರು ಎಳೆಗಳನ್ನು ಹೊಸೆದು ಜಗತ್ತಿಗೆಲ್ಲ ಹರಡಿದರು.

ಭಾರತಕ್ಕೆ ಇದು 1990ರ ದಶಕದ ಉಪಗ್ರಹ ವಾಹಿನಿಗಳ ಕಾಲದಿಂದ ಹೆಚ್ಚು ಬಿರುಸಾಗಿ ಬಂದಿತು. ಕರ್ನಾಟಕದಲ್ಲಿ ಎಲ್ಲರ ಗಮನ ಸೆಳೆದ ಸಂದರ್ಭವೆಂದರೆ 2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಅಮೆರಿಕದ ದೂರದರ್ಶನ ಬೋಧಕ ಬೆನ್ನಿ ಹಿನ್ ಅವರು ನಡೆಸಿದ ಮೂರು ದಿನಗಳ ಪ್ರಾರ್ಥನಾ ಸಮಾವೇಶ. ಅದಕ್ಕೆ ಭಾರೀ ಜನಸ್ತೋಮ ಸೇರಿತ್ತು, ಪ್ರತಿಭಟನೆಗಳೂ ನಡೆದಿದ್ದವು. ಇದೇ ಬೋಧಕರು 2019ರ ಸೆಪ್ಟೆಂಬರ್‌ನಲ್ಲಿ, ಆಶೀರ್ವಾದಕ್ಕೆ ಇಂತಿಷ್ಟು ಹಣವೆಂದು ಬೆಲೆ ಕಟ್ಟುವುದು ಪವಿತ್ರಾತ್ಮನಿಗೆ ನೋವುಂಟುಮಾಡುವ ಕಾರ್ಯವೆಂದೂ ಸಮೃದ್ಧಿಯ ಕುರಿತ ತಮ್ಮ ಬೋಧನೆಯನ್ನು ತಿದ್ದಿಕೊಳ್ಳುತ್ತಿರುವುದಾಗಿಯೂ ಬಹಿರಂಗವಾಗಿ ಹೇಳಿದರೆಂಬುದು ಈ ಚರ್ಚೆಯಲ್ಲಿ ನೆನಪಿಡಬೇಕಾದ ಸಂಗತಿ. ಇಂದು ಈ ಬೋಧನೆಗೆ ಮೈದಾನವೂ ಬೇಕಿಲ್ಲ. ಕನ್ನಡ, ತೆಲುಗು, ಹಿಂದಿ ಮೂರನ್ನೂ ಬಲ್ಲ ಕಲ್ಯಾಣ ಕರ್ನಾಟಕದ ಮನೆಗಳಿಗೆ ಹೈದರಾಬಾದಿನ ಪ್ರಸಂಗವೂ ಅಮೆರಿಕದ ಪ್ರಸಂಗದ ಅನುವಾದವೂ ಮೊಬೈಲ್ ಮೂಲಕವೇ ತಲುಪುತ್ತವೆ.

ಸೆಳೆತದ ಕಾರಣಗಳು

ಈ ಬೋಧನೆಗೆ ಕಿವಿಗೊಡುವವರನ್ನು ದುರಾಸೆಯವರೆಂದು ತಳ್ಳಿಹಾಕುವುದು ಅನ್ಯಾಯ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ ಸೀಮೆ ಶಿಕ್ಷಣ, ನೀರಾವರಿ, ಉದ್ಯೋಗಗಳಲ್ಲಿ ಹಿಂದುಳಿದದ್ದನ್ನು 2002ರ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿ ತಾಲ್ಲೂಕುವಾರು ಲೆಕ್ಕಹಾಕಿ ತೋರಿಸಿತು. ಮುಂದೆ ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಿ ಈ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ಕೊಡಬೇಕಾಯಿತು. ತೊಗರಿಗೂ ಕಮಲಾಪುರದ ಕೆಂಪು ಬಾಳೆಗೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ದೊರೆತಿದ್ದರೂ, ಮಳೆಯನ್ನೇ ನೆಚ್ಚಿಕೊಂಡ ಬೇಸಾಯಗಾರರ ಮತ್ತು ಕೂಲಿಕಾರರ ಬದುಕಿಗೆ ಭದ್ರತೆ ಬಂದಿಲ್ಲ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದುಗಳಿಗೆ ಗುಳೆ ಹೋಗುವುದು ನಿಂತಿಲ್ಲ. ಒಂದು ಶಸ್ತ್ರಚಿಕಿತ್ಸೆ ಒಂದು ಕುಟುಂಬವನ್ನು ವರ್ಷಗಟ್ಟಲೆ ಸಾಲಕ್ಕೆ ದೂಡಬಲ್ಲ ಇಂಥ ಪರಿಸ್ಥಿತಿಯಲ್ಲಿ, ದೇವರು ರೋಗ ವಾಸಿಮಾಡುತ್ತಾನೆ, ಸಾಲ ತೀರಿಸುತ್ತಾನೆ ಎಂಬ ಮಾತು ಹಸಿದವರ ಕಿವಿಗೆ ಅನ್ನದ ಮಾತಿನಂತೆಯೇ ಕೇಳಿಸುತ್ತದೆ.

ಇದರ ಜೊತೆಗೆ, ಸಣ್ಣ ಪ್ರಾರ್ಥನಾ ಸಭೆಗಳು ಬಡವರಿಗೆ ಕೊಟ್ಟ ಒಳಿತನ್ನೂ ಒಪ್ಪಿಕೊಳ್ಳಬೇಕು. ಹೆಸರು ಹಿಡಿದು ಕರೆಯುವ ಸಭಾಪಾಲಕ, ಮನೆಗೆ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಸಹೋದರಿಯರು, ಕುಡಿತ ಬಿಟ್ಟವನ ಸಾಕ್ಷಿಯನ್ನು ಕೇಳಿ ಸಂತೋಷಪಡುವ ನೆರೆಹೊರೆ, ಹಿಂದೆ ಊರ ಹೊರಗೆ ನಿಲ್ಲಬೇಕಾಗಿದ್ದವರಿಗೆ ಸಭೆಯ ನಡುವೆ ನಿಂತು ಮಾತಾಡುವ ಧೈರ್ಯ: ಇವೆಲ್ಲ ಬೆಲೆಯುಳ್ಳವು. ಸಮೃದ್ಧಿಯ ಬೋಧನೆಯ ದೋಷವೆಂದರೆ ಇಂಥ ನಿಜವಾದ ಸಾಂತ್ವನದ ಮೇಲೆ ಅದು ಒಂದು ಸುಳ್ಳು ಕರಾರನ್ನು ಹೇರುತ್ತದೆ. ವಿಮರ್ಶೆಯ ಗುರಿ ಆ ಕರಾರೇ ಹೊರತು ಪ್ರಾರ್ಥಿಸುವ ಬಡವರಲ್ಲ, ರೋಗಿಗಳಿಗಾಗಿ ಪ್ರಾರ್ಥಿಸುವ ಪದ್ಧತಿಯೂ ಅಲ್ಲ.

ವಾಕ್ಯಗಳ ಓದು

ಈ ಬೋಧನೆ ಹೆಚ್ಚಾಗಿ ಆಧರಿಸುವ ವಾಕ್ಯ ಪ್ರವಾದಿ ಮಲಾಕಿಯನ ಮೂರನೆಯ ಅಧ್ಯಾಯದಲ್ಲಿದೆ. ದಶಮಾಂಶವನ್ನು, ಅಂದರೆ ಆದಾಯದ ಹತ್ತರಲ್ಲಿ ಒಂದು ಭಾಗವನ್ನು, ಭಂಡಾರಕ್ಕೆ ತಂದರೆ ದೇವರು ಪರಲೋಕದ ದ್ವಾರಗಳನ್ನು ತೆರೆಯುವನೆಂಬ ವಾಗ್ದಾನ ಅಲ್ಲಿದೆ. ಆದರೆ ಆ ದಶಮಾಂಶ ಯಾವುದಕ್ಕಾಗಿ ಎಂಬುದನ್ನು ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯ ವಿವರಿಸುತ್ತದೆ: ಜಮೀನಿನ ಪಾಲಿಲ್ಲದ ಲೇವಿಯರು, ಪರದೇಶಿಗಳು, ತಂದೆಯಿಲ್ಲದವರು, ವಿಧವೆಯರು ಊರಿನಲ್ಲಿಯೇ ಉಂಡು ತೃಪ್ತರಾಗಬೇಕೆಂಬುದಕ್ಕಾಗಿ ಮೂರು ವರ್ಷಗಳಿಗೊಮ್ಮೆ ಅದನ್ನು ಊರೊಳಗೆ ಕೂಡಿಡಬೇಕಾಗಿತ್ತು. ಮಲಾಕಿಯನೂ ತನ್ನ ಆ ಮೂರನೆಯ ಅಧ್ಯಾಯದಲ್ಲಿ, ಕೂಲಿಯವನ ಸಂಬಳಕ್ಕೆ ಮೋಸಮಾಡುವವರನ್ನೂ ವಿಧವೆ–ಅನಾಥರನ್ನು ಬಾಧಿಸುವವರನ್ನೂ ಖಂಡಿಸಿದ ಮೇಲೆಯೇ ಭಂಡಾರದ ಮಾತಿಗೆ ಬರುತ್ತಾನೆ. ವಿಧವೆಯ ಕೈಗೆ ಸೇರಬೇಕಾದ ದಶಮಾಂಶವನ್ನು ವಿಧವೆಯ ಕೈಯಿಂದಲೇ ಕೀಳುವ ಓದು ಆ ವಾಕ್ಯವನ್ನು ತಲೆಕೆಳಗು ಮಾಡಿದ ಓದು.

ಬಡ ವಿಧವೆ ಎರಡು ಕಾಸು ಹಾಕಿದ ಪ್ರಸಂಗವನ್ನು ಕಾಣಿಕೆಯ ಕರೆಗಾಗಿ ಬಳಸುವುದೂ ಸಾಮಾನ್ಯ. ಮಾರ್ಕನ ಸುವಾರ್ತೆಯಲ್ಲಿ ಆ ಪ್ರಸಂಗಕ್ಕೆ ಸ್ವಲ್ಪ ಮೊದಲು, ವಿಧವೆಯರ ಮನೆಗಳನ್ನು ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ಕುರಿತು ಯೇಸು ಎಚ್ಚರಿಸುತ್ತಾನೆಂಬುದನ್ನೂ, ಆ ವಿಧವೆಗೆ ಕಾಸು ಇಮ್ಮಡಿಯಾಗಿ ಹಿಂತಿರುಗಿತೆಂದು ಸುವಾರ್ತೆ ಎಲ್ಲಿಯೂ ಹೇಳುವುದಿಲ್ಲವೆಂಬುದನ್ನೂ ಕರೆಕೊಡುವವರು ಬಿಟ್ಟುಬಿಡುತ್ತಾರೆ.

ಸತ್ಯವೇದದಲ್ಲಿ ಲೇವಾದೇವಿಯ ಭಕ್ತಿಯನ್ನು ನೇರವಾಗಿ ಪರೀಕ್ಷೆಗೆ ಒಡ್ಡುವ ಗ್ರಂಥವೆಂದರೆ ಯೋಬನದು. ಲಾಭವಿಲ್ಲದೆ ಯೋಬನು ದೇವರಲ್ಲಿ ಭಯಭಕ್ತಿಯುಳ್ಳವನಾಗಿರುವನೇ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತುವವನು ಸೈತಾನ. ಸಂಕಟ ಬಂದಿದ್ದರೆ ಪಾಪವೇ ಕಾರಣವಿರಬೇಕೆಂದು ವಾದಿಸುವವರು ಅವನ ಸ್ನೇಹಿತರು. ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾಗುವುದು ಆ ಸ್ನೇಹಿತರ ವಾದ. ಯೋಬನಿಗೆ ಕೊನೆಗೆ ಎಲ್ಲವೂ ಎರಡರಷ್ಟು ದೊರೆಯಿತಲ್ಲವೇ ಎಂಬ ಪ್ರಶ್ನೆಗೆ ಉತ್ತರ ಆ ಗ್ರಂಥದಲ್ಲಿಯೇ ಇದೆ: ದೊರೆತದ್ದು ಅವನು ಬೂದಿಯಲ್ಲಿ ಕುಳಿತು ದೇವರನ್ನು ಬಿಡದೆ ಹಿಡಿದುಕೊಂಡ ಮೇಲೆ, ಯಾವ ಕರಾರೂ ಇಲ್ಲದೆ. ಅರಾಮ್ಯರ ಸೇನಾಪತಿ ನಾಮಾನನಿಗೆ ಕುಷ್ಠ ವಾಸಿಯಾದಾಗ ಪ್ರವಾದಿ ಎಲೀಷನು ಕಾಣಿಕೆಯನ್ನು ನಿರಾಕರಿಸಿದನು. ಬೆನ್ನಟ್ಟಿ ಹೋಗಿ ಬೆಳ್ಳಿಯನ್ನೂ ಬಟ್ಟೆಯನ್ನೂ ತೆಗೆದುಕೊಂಡ ಸೇವಕ ಗೇಹಜಿಗೆ ಆ ಕುಷ್ಠವೇ ಅಂಟಿತು. ಪವಿತ್ರಾತ್ಮನ ವರವನ್ನು ಹಣಕೊಟ್ಟು ಪಡೆಯಲು ಬಂದ ಸಿಮೋನನನ್ನು ಪೇತ್ರನು ಕಠಿಣವಾಗಿ ಗದರಿಸಿದ್ದನ್ನು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಪೌಲನು ತನ್ನ ಶರೀರದ ಮುಳ್ಳನ್ನು ತೆಗೆಯುವಂತೆ ಮೂರು ಸಾರಿ ಬೇಡಿದರೂ ಅದು ಹೋಗಲಿಲ್ಲ, ಕೃಪೆಯೇ ಸಾಕೆಂಬ ಉತ್ತರ ಬಂದಿತು. ಗುಡಾರ ಹೊಲಿಯುವ ಕೆಲಸದಿಂದ ಹೊಟ್ಟೆಹೊರೆದ ಆತ, ದೇವಭಕ್ತಿಯನ್ನು ಲಾಭಸಾಧನವೆಂದು ಭಾವಿಸುವವರ ಕುರಿತು ತಿಮೊಥೆಯನನ್ನು ಎಚ್ಚರಿಸಿದನು. ಸಿಲೊವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲವೆಂದು ಯೇಸುವೇ ಹೇಳಿದ್ದಾನೆ. ಎಲ್ಲಕ್ಕೂ ಮಿಗಿಲಾಗಿ, ಆಸ್ತಿಯಿಲ್ಲದೆ ಬದುಕಿ ಶಿಲುಬೆಯ ಮೇಲೆ ಸತ್ತ ಯೇಸುವನ್ನು ಕ್ರೈಸ್ತರು ದೇವರ ಮೆಚ್ಚುಗೆಯ ಮಗನೆಂದು ಒಪ್ಪುತ್ತಾರೆ; ಸಂಪತ್ತೇ ಮೆಚ್ಚುಗೆಯ ಗುರುತಾದರೆ ಈ ಒಪ್ಪಿಗೆಗೆ ಅರ್ಥವೇ ಉಳಿಯುವುದಿಲ್ಲ.

ಸಭೆಗಳ ತೀರ್ಪು

ಈ ವಿಮರ್ಶೆ ಹೊಸದಲ್ಲ. ಆದಿಸಭೆಯ ಕೈಪಿಡಿಯಾದ ‘ದಿದಖೆ’ಯಲ್ಲಿಯೇ, ತನಗಾಗಿ ಹಣ ಕೇಳುವ ಪ್ರವಾದಿಯನ್ನು ಸುಳ್ಳು ಪ್ರವಾದಿಯೆಂದು ತಿಳಿಯಬೇಕೆಂಬ ಸೂಚನೆಯಿದೆ. 1517ರಲ್ಲಿ ಮಾರ್ಟಿನ್ ಲೂಥರ್ ತೊಂಬತ್ತೈದು ಪ್ರಮೇಯಗಳನ್ನು ಬರೆದದ್ದು, ಪಾಪದ ದಂಡನೆಯಿಂದ ಬಿಡುಗಡೆ ಕೊಡುವ ಪತ್ರಗಳನ್ನು ಹಣಕ್ಕೆ ಹಂಚುತ್ತಿದ್ದ ಪದ್ಧತಿಯ ವಿರುದ್ಧ. ಪೆಂತೆಕೊಸ್ತ ಸಭೆಗಳ ಒಳಗಿನಿಂದಲೇ ಎದ್ದ ದನಿ ಇನ್ನೂ ಮಹತ್ವದ್ದು: ಅಮೆರಿಕದ ಅಸೆಂಬ್ಲೀಸ್ ಆಫ್ ಗಾಡ್ 1980ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ನಿಲುವುಪತ್ರ, ಬಾಯಿಂದ ಹೇಳಿಕೊಂಡದ್ದೆಲ್ಲ ಆಗುತ್ತದೆಂಬ ಉಪದೇಶ ಸತ್ಯವೇದದ ಸಮಗ್ರ ಬೋಧನೆಗೆ ಹೊಂದುವುದಿಲ್ಲವೆಂದು ಸ್ಪಷ್ಟಪಡಿಸಿತು. ಸುವಾರ್ತಾಪರ ಕ್ರೈಸ್ತರ ಜಾಗತಿಕ ಕೂಟವಾದ ಲೌಸಾನ್ ಚಳವಳಿಯ ಆಫ್ರಿಕಾದ ದೇವಶಾಸ್ತ್ರಜ್ಞರು 2008 ಮತ್ತು 2009ರಲ್ಲಿ ಘಾನಾದ ಅಕ್ರೊಪಾಂಗ್‌ನಲ್ಲಿ ಸೇರಿ, ಬಡತನದ ನಡುವೆಯೇ ನಿಂತು ಈ ಬೋಧನೆಯನ್ನು ಪರಿಶೀಲಿಸಿ ಅದು ಸುವಾರ್ತೆಯನ್ನು ವಿಕಾರಗೊಳಿಸುತ್ತದೆಂಬ ತೀರ್ಮಾನಕ್ಕೆ ಬಂದರು. ಅದೇ ಚಳವಳಿಯ 2010ರ ಅಕ್ಟೋಬರ್‌ನ ಕೇಪ್‌ಟೌನ್ ಸಮಾವೇಶದ ಘೋಷಣೆ ಅದನ್ನು ಪುನರುಚ್ಚರಿಸಿತು. 2018ರಲ್ಲಿ ‘ಲಾ ಚಿವಿಲ್ತಾ ಕತ್ತೋಲಿಕಾ’ ಪತ್ರಿಕೆಯಲ್ಲಿ ಯೇಸುಸಭೆಯ ಅಂತೋನಿಯೊ ಸ್ಪದಾರೊ ಮತ್ತು ಪ್ರೆಸ್ಬಿಟೀರಿಯನ್ ಪಾಸ್ಟರ್ ಮಾರ್ಸೆಲೊ ಫಿಗೆರೊವಾ ಜೊತೆಯಾಗಿ ಬರೆದ ಲೇಖನದಲ್ಲಿ ಕ್ಯಾಥೋಲಿಕ್ ಮತ್ತು ಪ್ರಾಟೆಸ್ಟೆಂಟ್ ವಿವೇಕಗಳೆರಡೂ ಒಂದೇ ಕಡೆ ನಿಂತವು.

ಕಲಬುರಗಿಯ ಕ್ರೈಸ್ತ ಪರಂಪರೆಗಳಿಗೂ ಈ ವಿವೇಕ ಪರಕೀಯವಲ್ಲ. ಬೀದರ್–ಕಲಬುರಗಿ ಸೀಮೆಯಲ್ಲಿ ಹಿಂದಿನಿಂದ ಬೇರೂರಿರುವ ಮೆಥೊಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ, ಹಣದ ಬಳಕೆಯ ಕುರಿತ ತನ್ನ ಪ್ರಸಿದ್ಧ ಪ್ರಸಂಗದಲ್ಲಿ ಪ್ರಾಮಾಣಿಕವಾಗಿ ದುಡಿಯುವುದು, ಉಳಿಸುವುದು, ಉಳಿದದ್ದನ್ನೆಲ್ಲ ಕೊಡುವುದು ಎಂಬ ಮೂರು ನಿಯಮಗಳನ್ನು ಹೇಳಿದನು. ವರಮಾನ ಏರಿದರೂ ಖರ್ಚನ್ನು ಏರಿಸದೆ ಹೆಚ್ಚಿನದನ್ನೆಲ್ಲ ಹಂಚಿ ತೋರಿಸಿದನು. ದುಡಿಮೆಯನ್ನು ಕಾಯಕವೆಂದು ಗೌರವಿಸಿ, ದಾಸೋಹವನ್ನು ಪ್ರತಿಫಲವಿಲ್ಲದ ಹಂಚಿಕೆಯೆಂದು ಆಚರಿಸಿದ ಶರಣರ ನೆಲದಲ್ಲಿ, ಮಹಾದಾಸೋಹಿ ಶರಣಬಸವೇಶ್ವರರನ್ನು ಇಂದಿಗೂ ನೆನೆಯುವ ನಗರದಲ್ಲಿ, ಕೊಟ್ಟದ್ದನ್ನು ಲೆಕ್ಕವಿಡದೆ ಕೊಡುವುದೇ ಭಕ್ತಿಯೆಂಬ ಮಾತನ್ನು ನೆರೆಯವರಿಗೆ ವಿವರಿಸಿ ಹೇಳುವ ಅಗತ್ಯವೂ ಇಲ್ಲ.

ಗುಲಬರ್ಗಾದ ಶಾಲೆ ಮತ್ತು ಪಂಡಿತಾ ರಮಾಬಾಯಿ

ಸಮೃದ್ಧಿಯ ಬೋಧನೆಗೆ ಕಲಬುರಗಿಯ ಚರಿತ್ರೆಯಲ್ಲಿಯೇ ಒಂದು ತೂಕದ ಉತ್ತರವಿದೆ. ಪಂಡಿತಾ ರಮಾಬಾಯಿ (1858–1922) ಹುಟ್ಟಿದ್ದು ಇಂದಿನ ಕರ್ನಾಟಕದ ಪಶ್ಚಿಮಘಟ್ಟದ ಕಾಡಿನ ಸೀಮೆಯಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ ವಿದ್ವಾಂಸರು. ತೀರ್ಥಕ್ಷೇತ್ರಗಳಲ್ಲಿ ಪುರಾಣ ಹೇಳುತ್ತ ಅಲೆದ ಆ ಕುಟುಂಬ 1870ರ ದಶಕದ ಬರಕ್ಕೆ ಸಿಕ್ಕಿ ಬಿದ್ದಿತು. ಶಾಸ್ತ್ರ ಹೇಳಿದ ವ್ರತ, ದಾನ, ಉಪವಾಸಗಳನ್ನೆಲ್ಲ ಕೈಯಲ್ಲಿದ್ದ ಹಣ ಮುಗಿಯುವವರೆಗೂ ನಡೆಸಿದರೂ ನಿರೀಕ್ಷಿಸಿದ ನೆರವು ಬರಲಿಲ್ಲವೆಂದೂ, ತಂದೆತಾಯಿಯರು ಹಸಿವಿನಿಂದ ಬಳಲಿ ತೀರಿಕೊಂಡರೆಂದೂ ರಮಾಬಾಯಿ ಮುಂದೆ ಬರೆದುಕೊಂಡರು. ಈ ಅನುಭವವನ್ನು ಒಂದು ಧರ್ಮದ ಮೇಲಿನ ದೂರಾಗಿ ಬಳಸುವುದು ಸರಿಯಲ್ಲ. ಕೊಟ್ಟರೆ ಬರುತ್ತದೆ ಎಂಬ ಲೆಕ್ಕ ಬರಗಾಲದ ಎದುರು ಎಲ್ಲಿಯಾದರೂ ಕುಸಿಯುತ್ತದೆ ಎಂಬುದು ಅದರ ಪಾಠ, ಮತ್ತು ಇಂದು ಆ ಪಾಠ ಮೊದಲು ತಟ್ಟಬೇಕಾದದ್ದು ಕ್ರೈಸ್ತರನ್ನೇ.

1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ರಮಾಬಾಯಿ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನವನ್ನು ತೆರೆದರು. 1896–97ರ ಬರದಲ್ಲಿ ಮಧ್ಯಭಾರತದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಸದನವನ್ನು ಕಟ್ಟಿದರು. 1905ರಲ್ಲಿ ಅಲ್ಲಿ ನಡೆದ ಆತ್ಮಿಕ ಉಜ್ಜೀವನವನ್ನು, ಮರುವರ್ಷ ಲಾಸ್ ಏಂಜಲೀಸಿನ ಅಜುಸಾ ಬೀದಿಯಲ್ಲಿ ನಡೆದುದರ ಜೊತೆಗಿಟ್ಟು, ಪೆಂತೆಕೊಸ್ತ ಚಳವಳಿಯ ಆರಂಭಗಳಲ್ಲಿ ಒಂದೆಂದು ಚರಿತ್ರಕಾರರು ಎಣಿಸುತ್ತಾರೆ. ಕೇಡಗಾಂವವೂ ಕಲಬುರಗಿಯೂ ಮುಂಬೈ–ಚೆನ್ನೈನ ಒಂದೇ ರೈಲು ಹಾದಿಯ ಮೇಲಿವೆ. ಆ ಹಾದಿಯಲ್ಲಿಯೇ ಮುಕ್ತಿಯ ಸೇವೆ ನಿಜಾಮರ ಸೀಮೆಗೆ ಬಂದು, 1912ರಲ್ಲಿ ಗುಲಬರ್ಗಾದಲ್ಲಿ (ಇಂದಿನ ಕಲಬುರಗಿಯಲ್ಲಿ) ಕ್ರೈಸ್ತ ಪ್ರೌಢಶಾಲೆಯೊಂದು ಆರಂಭವಾಯಿತು. ರಮಾಬಾಯಿಯ ಏಕೈಕ ಮಗಳು ಮನೋರಮಾ ಅದರ ಮುಖ್ಯಸ್ಥೆಯಾದರು.

ಪೆಂತೆಕೊಸ್ತ ಉಜ್ಜೀವನದ ತಾಯಿಯೆನಿಸಿದ ಈ ಮಹಿಳೆಯ ಬದುಕನ್ನು ಸಮೃದ್ಧಿಯ ಅಳತೆಗೋಲಿನಿಂದ ಅಳೆದರೆ ಸಿಗುವ ಫಲಿತಾಂಶ ವಿಚಿತ್ರವಾದದ್ದು. ಹಸಿವಿನಲ್ಲಿ ತಂದೆತಾಯಿಯರು, 1880ರಲ್ಲಿ ಅಣ್ಣ, 1882ರಲ್ಲಿ ಕಾಲರಾದಿಂದ ಗಂಡ, ಕೊನೆಗೆ 1921ರ ಜುಲೈಯಲ್ಲಿ ನಲವತ್ತು ವಯಸ್ಸಿನ ಮಗಳು, ಎಲ್ಲರೂ ಆಕೆಗಿಂತ ಮೊದಲೇ ಹೋದರು, ಕಿವುಡುತನವೂ ಕಾಡಿತು. 1922ರ ಏಪ್ರಿಲ್ 5ರಂದು ಆಕೆ ತೀರಿಕೊಂಡಾಗ ಮರಾಠಿ ಸತ್ಯವೇದದ ಅನುವಾದದ ದುಡಿಮೆ ಆಗಷ್ಟೇ ಮುಗಿದಿತ್ತು. ಗೊತ್ತಾದ ವರಮಾನವಿಲ್ಲದೆ ಪ್ರಾರ್ಥನೆಯನ್ನೇ ನೆಚ್ಚಿ ಅಷ್ಟೊಂದು ಮಕ್ಕಳನ್ನು ಸಾಕಿದ ರಮಾಬಾಯಿ ದೇವರು ಒದಗಿಸುತ್ತಾನೆಂದು ಗಾಢವಾಗಿ ನಂಬಿದ್ದರು. ಆದರೆ ಆಕೆ ಬೇಡಿದ ಧಾನ್ಯ ಅನಾಥರ ತಟ್ಟೆಗೆ, ಪಡೆದ ಹಣ ಬಾವಿ, ಹೊಲ, ಮುದ್ರಣಾಲಯ, ಶಾಲೆಗಳಿಗೆ. ಒದಗಿಸುವ ದೇವರನ್ನು ನಂಬುವುದಕ್ಕೂ ದೇವರನ್ನು ಕರಾರಿಗೆ ಕಟ್ಟುವುದಕ್ಕೂ ಇರುವ ಅಂತರ ಈ ಬದುಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹಾನಿ ಮತ್ತು ಆಕ್ಷೇಪಗಳು

ಸಮೃದ್ಧಿಯ ಬೋಧನೆಯ ಮೊದಲ ಹಾನಿ ಮನಸ್ಸಿಗೆ. ವಾಸಿಯಾಗದ ರೋಗಿಗೆ ರೋಗದ ಮೇಲೆ ಅಪನಂಬಿಕೆಯ ಅಪವಾದವೂ ಸೇರುತ್ತದೆ. ಮಗುವನ್ನು ಕಳೆದುಕೊಂಡ ತಾಯಿ ತನ್ನ ಪ್ರಾರ್ಥನೆಯೇ ಸಾಲದಾಯಿತೆಂದು ಕೊರಗುತ್ತಾಳೆ. ಎರಡನೆಯದು ದೇಹಕ್ಕೆ: ಔಷಧ ತೆಗೆದುಕೊಳ್ಳುವುದು ನಂಬಿಕೆಯ ಕೊರತೆಯೆಂದು ತಿಳಿದು ಸಕ್ಕರೆಕಾಯಿಲೆ, ಕ್ಷಯ, ಮೂರ್ಛೆರೋಗಗಳ ಮಾತ್ರೆ ನಿಲ್ಲಿಸುವುದು ಪ್ರಾಣಕ್ಕೇ ಕುತ್ತು, ಪವಾಡದ ಚಿಕಿತ್ಸೆಗಳ ಜಾಹೀರಾತನ್ನು 1954ರಷ್ಟು ಹಿಂದೆಯೇ ಕೇಂದ್ರದ ಕಾಯ್ದೆಯೊಂದು ನಿರ್ಬಂಧಿಸಿದೆ. ಮೂರನೆಯದು ಮನೆತನಕ್ಕೆ: ಕೈಸಾಲ ತಂದು ‘ಬೀಜ’ ಕೊಟ್ಟವರ ಬಡ್ಡಿ ಬೆಳೆಯುತ್ತದೆ. ನಾಲ್ಕನೆಯದು ಸಾಕ್ಷಿಗೆ: 2022ರ ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಉತ್ತಮ ಜೀವನದ ಭರವಸೆಯನ್ನೂ ಆಮಿಷದ ಪಟ್ಟಿಗೆ ಸೇರಿಸಿತು, ಆ ಕಾಯ್ದೆಯ ಕುರಿತು ಕ್ರೈಸ್ತರಿಗೆ ನ್ಯಾಯವಾದ ಆಕ್ಷೇಪಗಳಿದ್ದರೂ, ಸುವಾರ್ತೆಯನ್ನು ಲಾಭದ ಮಾತಾಗಿ ಸಾರುವವರು ಆಮಿಷದ ಆರೋಪಕ್ಕೆ ತಾವೇ ಆಧಾರ ಒದಗಿಸುತ್ತಾರೆ.

ಬೀಜದ ಹೋಲಿಕೆಯನ್ನೇ ತೆಗೆದುಕೊಂಡರೂ ಅದು ಈ ಸೀಮೆಯ ರೈತರ ಅನುಭವದ ಮುಂದೆ ನಿಲ್ಲುವುದಿಲ್ಲ. ಮುಂಗಾರಿನಲ್ಲಿ ತೊಗರಿ ಬಿತ್ತಿದವನಿಗೆ ಮಳೆಯ ಮೇಲೂ ಕೀಡೆಯ ಮೇಲೂ ಮಾರುಕಟ್ಟೆಯ ಧಾರಣೆಯ ಮೇಲೂ ಹಿಡಿತವಿಲ್ಲ. 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ವ್ಯಾಪಕವಾಗಿ ತಗಲಿ, ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲಿಯೇ ಒಣಗಿದಾಗ, ಅದು ದಶಮಾಂಶ ಕೊಟ್ಟವರ ಹೊಲ ಯಾವುದು, ಕೊಡದವರದು ಯಾವುದು ಎಂದು ನೋಡಲಿಲ್ಲ. ನೀತಿವಂತರ ಮೇಲೂ ಅನೀತಿವಂತರ ಮೇಲೂ ದೇವರು ಒಂದೇ ಮಳೆ ಸುರಿಸುತ್ತಾನೆಂಬ ಯೇಸುವಿನ ಬೋಧನೆ ಈ ಅನುಭವಕ್ಕೆ ಹತ್ತಿರವಾದದ್ದು. ಅಂಜೂರ ಚಿಗುರದಿದ್ದರೂ ಹೊಲ ಬೆಳೆಯದಿದ್ದರೂ ದೇವರಲ್ಲಿ ಉಲ್ಲಾಸಿಸುವೆನೆಂದ ಹಬಕ್ಕೂಕನ ನಂಬಿಕೆ ಬರದ ನಾಡಿಗೆ ತಕ್ಕ ನಂಬಿಕೆ.

ಹಾಗಾದರೆ ದೇವರು ಆಶೀರ್ವದಿಸುವುದಿಲ್ಲವೇ, ಬಡತನವೇ ಪುಣ್ಯವೇ ಎಂಬ ಆಕ್ಷೇಪ ನ್ಯಾಯವಾದದ್ದು. ಬಡತನವನ್ನು ಹೊಗಳುವುದೂ ಸತ್ಯವೇದದ ಮಾತಲ್ಲ. ದಿನದ ರೊಟ್ಟಿಗಾಗಿ ಪ್ರಾರ್ಥಿಸಲು ಯೇಸುವೇ ಕಲಿಸಿದ್ದಾನೆ, ಆತ ರೋಗಿಗಳನ್ನು ವಾಸಿಮಾಡಿದ್ದಾನೆ. ಆದರೆ ಆ ಪ್ರಾರ್ಥನೆಯಲ್ಲಿ ರೊಟ್ಟಿಯನ್ನು ಬೇಡುವುದು ‘ನಮಗೆ’ ಎಂದು, ವಾಸಿಮಾಡಿದ್ದು ಬೆಲೆ ಕೇಳದೆ. ಎಲ್ಲರಿಗೂ ಸಾಲುವಂತೆ ಹಂಚಿಕೊಳ್ಳುವ ಸಮಾನತೆಯನ್ನೇ ಪೌಲನು ಕೊರಿಂಥದವರಿಗೆ ಸಮೃದ್ಧಿಯೆಂದು ತೋರಿಸಿಕೊಟ್ಟನು.

ಸಭೆಗಳ ಮುಂದಿರುವ ಕರ್ತವ್ಯ

ವಿಮರ್ಶೆ ಖಂಡನೆಯಲ್ಲಿ ನಿಂತರೆ ಅಪೂರ್ಣ. 2005ರ ಜೂನ್ 24ರಂದು ಸ್ಥಾಪಿತವಾದ ಗುಲಬರ್ಗಾ ಕ್ಯಾಥೋಲಿಕ್ ಧರ್ಮಪ್ರಾಂತವಾಗಲಿ, ಮೆಥೊಡಿಸ್ಟ್ ಸಭೆಯಾಗಲಿ, ಬಾಡಿಗೆ ಕೋಣೆಯಲ್ಲಿ ಸೇರುವ ಸ್ವತಂತ್ರ ಸಭೆಯಾಗಲಿ, ಬಡವರ ರೋಗ–ಸಾಲಗಳಿಗೆ ಉತ್ತರ ಕೊಡದೆ ಕೇವಲ ಸರಿಯಾದ ಬೋಧನೆ ಕೊಟ್ಟರೆ ಜನ ಮತ್ತೆ ಕರಾರಿನ ಬೋಧಕರ ಬಳಿಗೇ ಹೋಗುತ್ತಾರೆ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ ಪೌಲನು ಇತರರನ್ನೂ ಜೊತೆಗಿಟ್ಟುಕೊಂಡಂತೆ, ಪ್ರತಿ ಸಭೆಯೂ ಕಾಣಿಕೆಯ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಕೊಟ್ಟವರ ಮುಂದೆ ಓದಬೇಕು. ದಶಮಾಂಶದ ನಿಶ್ಚಿತ ಪಾಲನ್ನು ವಿಧವೆಯರು, ರೋಗಿಗಳು, ಗುಳೆ ಹೋದವರ ಮಕ್ಕಳ ಓದು ಇವುಗಳಿಗೆ ಮೀಸಲಿಡಬೇಕು. ರೋಗಿಗಾಗಿ ಪ್ರಾರ್ಥಿಸುವವರು ಆತನನ್ನು ಆಸ್ಪತ್ರೆಗೆ ಕರೆದೊಯ್ಯಲೂ ಬೇಕು, ವೈದ್ಯರು ಹೇಳದೆ ಔಷಧ ನಿಲ್ಲಿಸಬಾರದೆಂದು ಪೀಠದಿಂದಲೇ ಹೇಳಬೇಕು. ವಾಸಿಯಾದವರಂತೆಯೇ ವಾಸಿಯಾಗದೆ ದೇವರನ್ನು ಹಿಡಿದುಕೊಂಡವರ ಸಾಕ್ಷಿಗೂ ಸಭೆಯಲ್ಲಿ ಸ್ಥಳ ಸಿಗಬೇಕು. ಸಾಲ ಮಾಡಿ ಕೊಟ್ಟ ಕಾಣಿಕೆಯನ್ನು ಸಭಾಪಾಲಕರು ಹಿಂದಿರುಗಿಸಬೇಕು.

ಕ್ರಿಸ್ತನ ಸುವಾರ್ತೆಗೆ ಬೆಲೆಪಟ್ಟಿಯಿಲ್ಲ. ಅದನ್ನು ಬೆಲೆಕಟ್ಟಿ ಸಾರುವ ಬೋಧನೆ, ಎಷ್ಟೇ ಜನರನ್ನು ಸೇರಿಸಿದರೂ, ಬಡವರ ಕೈಯಲ್ಲಿರುವುದನ್ನು ಕಸಿದು ಅವರ ನೋವಿಗೆ ಅವರನ್ನೇ ಹೊಣೆಮಾಡುವ ಕಾರಣ, ಕ್ರೈಸ್ತ ಬೋಧನೆಯೆಂಬ ಹೆಸರಿಗೆ ಯೋಗ್ಯವಲ್ಲ. ಗುಲಬರ್ಗಾಕ್ಕೆ ಶಾಲೆಯಾಗಿ ಬಂದ ಸುವಾರ್ತೆಯನ್ನು ಕಲಬುರಗಿ ಮತ್ತು ಕಮಲಾಪುರದ ವಿಶ್ವಾಸಿಗಳು ತಮ್ಮ ಅಳತೆಗೋಲಾಗಿ ಇಟ್ಟುಕೊಳ್ಳಲಿ. ಕಾಣಿಕೆಯ ಕರೆ ಕೇಳಿಬಂದಾಗ, ಅದು ಯಾರ ತಟ್ಟೆಗೆ ಸೇರುತ್ತದೆಂದು ಧೈರ್ಯವಾಗಿ ಕೇಳಲಿ.